ಜಯಾನ್ ಕಣಿವೆಯ ಹೊಳೆದಂಡೆ

ಅಮೆರಿಕದ ಯೂಟಾ ರಾಜ್ಯದ ನೈಋತ್ಯ ಮೂಲೆಯಲ್ಲಿರುವ ಜಯಾನ್ ರಾಷ್ಟ್ರೀಯ ಉದ್ಯಾನದಲ್ಲಿ ವರ್ಜಿನ್ ನದಿಯ ದಡ ಹಿಡಿದು ಸಾಗುವ ಕಾಲುದಾರಿಗೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಆರಂಭದವರೆಗಿನ ಶರತ್ಕಾಲವೇ ಹದವಾದ ಕಾಲ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಗುಡುಗುಮಳೆಯ ಬೆನ್ನಿಗೇ ದಿಢೀರನೆ ನುಗ್ಗುವ ಪ್ರವಾಹಗಳು ಅಷ್ಟರಲ್ಲಿ ಅಡಗಿ, ಬಿಸಿಲಿನ ಝಳ ಇಳಿದು, ದಡದ ಕಾಟನ್‌ವುಡ್ ಮರಗಳು ಹಳದಿಗೆ ತಿರುಗಿರುತ್ತವೆ. ಇಲ್ಲಿನ ಮೂಲ ನಿವಾಸಿಗಳಾದ ಪಾಯೂಟರ ದೇವತೆಯೊಬ್ಬನ ನೆನಪಿನಲ್ಲಿ 'ಸಿನವಾವನ ಗುಡಿ' ಎಂದು ಕರೆಯಲಾಗುವ ಬಂಡೆಗಳ ಬಯಲಿನಿಂದ ಹೊರಟು, 'ನ್ಯಾರೋಸ್' ಎಂಬ ಇಕ್ಕಟ್ಟಾದ ಕಮರಿಯ ಬಾಯಿಯವರೆಗೆ ಸುಮಾರು ಒಂದು ಮೈಲಿ ಸಾಗುವ ಈ ದಾರಿಯಲ್ಲಿ ಏರೆಂಬುದು ಹೆಸರಿಗಷ್ಟೇ ಇದೆ. ಎರಡೂ ಕಡೆ 2,000 ಅಡಿಯಷ್ಟು ಎತ್ತರದ ಮರಳುಗಲ್ಲಿನ ಗೋಡೆಗಳಿದ್ದು, ನದಿಯು ಮೈಲಿಗೆ ಸರಾಸರಿ 70 ಅಡಿಯಷ್ಟು ಇಳಿಯುವ ಕಣಿವೆಯಲ್ಲಿ ನಡಿಗೆ ಇಷ್ಟು ಸಲೀಸಾಗಿರುವುದಕ್ಕೆ ಪ್ರಕೃತಿಯಷ್ಟೇ ಮನುಷ್ಯರ ಕೈವಾಡವೂ ಕಾರಣ.

ಮೊದಲ ಕಾರಣ ಒಂದು ಭೂಕುಸಿತ. ಸುಮಾರು 4,800 ವರ್ಷಗಳ ಹಿಂದೆ ಸೆಂಟಿನೆಲ್ ಎಂಬ ಶಿಖರದ ಒಂದು ಪಾರ್ಶ್ವವೇ ಕಳಚಿ ಬಿದ್ದು ನದಿಗೆ ಅಡ್ಡಲಾಗಿ ನಿಂತಾಗ ಅದರ ಹಿಂದೆ ಸರೋವರವೊಂದು ತುಂಬಿಕೊಂಡಿತು. ಆ ಸರೋವರ ಹಲವು ನೂರು ವರ್ಷ ಉಳಿದು, ತಳದಲ್ಲಿ ಹೂಳನ್ನು ಪದರಪದರವಾಗಿ ಹಾಸಿದ್ದರಿಂದ ಕಮರಿಯ ತಳವು ಬಯಲಾಯಿತು.

ಆ ನೆಲವನ್ನು ಚೆನ್ನಾಗಿ ಬಲ್ಲವರು ದಕ್ಷಿಣ ಪಾಯೂಟರು. ವರ್ಜಿನ್ ನದಿಯ ದಡಗಳಲ್ಲಿ ಮೆಕ್ಕೆಜೋಳ, ಕುಂಬಳಗಳನ್ನು ಬೆಳೆಯುತ್ತ, ಕಾಡಿನ ಬೀಜಗಳನ್ನು ಆಯುತ್ತ ಬಾಳಿದ ಇವರಲ್ಲೊಬ್ಬನ ಮಾರ್ಗದರ್ಶನದಲ್ಲೇ ಮಾರ್ಮನ್ ಪಂಥದ ನೀಫೈ ಜಾನ್ಸನ್ 1858ರಲ್ಲಿ ಕಣಿವೆಯನ್ನು ಹೊಕ್ಕನು. 1863ರಲ್ಲಿ ಐಸಾಕ್ ಬಿಹುನಿನ್ ಎಂಬ ರೈತ ಇಲ್ಲಿ ಮರದ ದಿಮ್ಮಿಗಳ ಮನೆ ಕಟ್ಟಿ ಬೇಸಾಯಕ್ಕಿಳಿದನು. ಬೈಬಲ್‌ನ ಪವಿತ್ರ ಬೆಟ್ಟವಾದ ಜಯಾನ್‌ನ ಹೆಸರನ್ನು ಕಣಿವೆಗೆ ಇಟ್ಟವನೂ ಅವನೇ ಎನ್ನುತ್ತಾರೆ. 1872ರಲ್ಲಿ ಬಂದ ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ ಪಾಯೂಟರ ಭಾಷೆಯಿಂದ ಪಡೆದ 'ಮುಕುಂಟುವೀಪ್' ಎಂಬ ಹೆಸರನ್ನು ದಾಖಲಿಸಿದ್ದರಿಂದ, 1909ರಲ್ಲಿ ಅಧ್ಯಕ್ಷ ಟಾಫ್ಟ್ ಈ ಪ್ರದೇಶವನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿದಾಗ ಅದಕ್ಕೆ ಆ ಹೆಸರೇ ಬಂದಿತು. ಒಂಬತ್ತು ವರ್ಷಗಳ ನಂತರ, 1918ರಲ್ಲಿ, ಉಚ್ಚರಿಸಲು ಕಷ್ಟವಾದ ಹೆಸರು ಪ್ರವಾಸಿಗರನ್ನು ದೂರವಿಡುತ್ತದೆಂಬ ಆತಂಕದಿಂದ ಅಧಿಕಾರಿಗಳು ಅದನ್ನು ಕೈಬಿಟ್ಟು ಜಯಾನ್ ಎಂದು ಬದಲಿಸಿದರು. ಮರುವರ್ಷ ಅದು ರಾಷ್ಟ್ರೀಯ ಉದ್ಯಾನವಾಯಿತು. ಕಣಿವೆಯ ಮೂಲ ನಿವಾಸಿಗಳಿಗೆ ಉಳಿದಿದ್ದ ಹೆಸರಿನ ಗೌರವವೂ ಹೀಗೆ ಪ್ರವಾಸೋದ್ಯಮದ ಲೆಕ್ಕಾಚಾರದಲ್ಲಿ ಕರಗಿಹೋದದ್ದು ಬೇಸರದ ಸಂಗತಿಯೇ.

ಪ್ರವಾಸಿಗರಂತೂ ಬಂದರು. ಯೂನಿಯನ್ ಪೆಸಿಫಿಕ್ ರೈಲ್ವೆಯು 1923ರಲ್ಲಿ ಸೀಡರ್ ಸಿಟಿಯವರೆಗೆ ಹಳಿ ಹಾಕಿ ಅಲ್ಲಿಂದ ಬಸ್ಸುಗಳಲ್ಲಿ ಜನರನ್ನು ಕರೆತರತೊಡಗಿತು. ಬಿಹುನಿನ್ ಉತ್ತ ನೆಲದ ಆಸುಪಾಸಿನಲ್ಲೇ ವಸತಿಗೃಹ ಎದ್ದಿತು. 1925ರಲ್ಲಿ ಹೊಳೆದಂಡೆಯ ಈ ಕಾಲುದಾರಿಯೂ ಸಿದ್ಧವಾಯಿತು. ಆದರೆ ರಸ್ತೆ, ಕಟ್ಟಡ, ದಾರಿಗಳೆಲ್ಲ ನದಿ ಆಗಾಗ ಪಾತ್ರ ಬದಲಿಸುತ್ತಿದ್ದ ಬಯಲಿನಲ್ಲೇ ಇದ್ದುದರಿಂದ ನದಿಯನ್ನು ಒಂದು ಕಡೆ ಕಟ್ಟಿಹಾಕುವುದು ಅನಿವಾರ್ಯವೆನಿಸಿತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ನಿರುದ್ಯೋಗಿ ತರುಣರಿಗೆ ಕೂಲಿ ಒದಗಿಸಲು ಕೇಂದ್ರ ಸರ್ಕಾರ ಕಟ್ಟಿದ 'ಸಿವಿಲಿಯನ್ ಕನ್ಸರ್ವೇಷನ್ ಕೋರ್' ಎಂಬ ದಳದವರು ತಂತಿಬಲೆಯೊಳಗೆ ಕಲ್ಲು ತುಂಬಿ, ಅವನ್ನು ದಡದುದ್ದಕ್ಕೂ ಒಂದರ ಪಕ್ಕ ಒಂದರಂತೆ ಜೋಡಿಸಿ, ನೀರು ಪಕ್ಕಕ್ಕೆ ಹರಡದಂತೆ ಗೋಡೆಗಟ್ಟಿದರು.

ನದಿ ಪಳಗಿತು, ಆದರೆ ಅದರ ಬೆಲೆಯನ್ನು ತೆತ್ತವು ಮರಗಳು. ಕಾಟನ್‌ವುಡ್ ಪಾಪ್ಲರ್ ಜಾತಿಯ ಮರ. ಬೂರುಗದ ಅರಳೆಯಂತೆ ತೇಲಿಬರುವ ಅದರ ಬೀಜ ಕೆಲವೇ ದಿನ ಜೀವ ಹಿಡಿದಿದ್ದು, ವಸಂತದ ನೆರೆ ಇಳಿದಾಗ ದೊರೆಯುವ, ಬೇರೆ ಗಿಡಗಳಿಲ್ಲದ ಒದ್ದೆ ಮೆಕ್ಕಲಿನ ಮೇಲೆ ಬಿದ್ದರೆ ಮಾತ್ರ ಮೊಳೆಯುತ್ತದೆ. ನೆರೆ ಬಯಲಿಗೆ ಹರಡದ ಮೇಲೆ ಅಂಥ ಮೆಕ್ಕಲೂ ವಿರಳವಾಯಿತು. ಮೊಳೆತ ಸಸಿಗಳಿಗೂ ಉಳಿಗಾಲವಿರಲಿಲ್ಲ. ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ವಿಲಿಯಂ ರಿಪಲ್ ಮತ್ತು ರಾಬರ್ಟ್ ಬೆಷ್ಟಾ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೆಟ್ಟದ ಸಿಂಹವೆಂದು ಕರೆಯಲಾಗುವ ಪ್ಯೂಮಾ ಜನಸಂದಣಿಗೆ ಅಂಜಿ ಕಣಿವೆಯನ್ನು ತೊರೆದುದರಿಂದ ಜಿಂಕೆಗಳು ಹೆಚ್ಚಿ, ಎಳೆಯ ಕಾಟನ್‌ವುಡ್‌ಗಳನ್ನು ಮೇಯತೊಡಗಿದವು. ಪ್ಯೂಮಾ ಉಳಿದಿದ್ದ, ಜನ ಅಪರೂಪಕ್ಕಷ್ಟೇ ಹೋಗುವ ಪಕ್ಕದ ನಾರ್ತ್ ಕ್ರೀಕ್ ಹಳ್ಳದಲ್ಲಾದರೋ ಎಲ್ಲ ವಯಸ್ಸಿನ ಮರಗಳೂ ಕಂಡವು. ತಂತಿಬಲೆ, ಜಿಂಕೆ ಎರಡರಲ್ಲಿ ಹೆಚ್ಚು ಹೊಣೆ ಯಾವುದೆಂದು ವಾದಿಸಬಹುದಾದರೂ, ಎರಡರ ಮೂಲವೂ ಪ್ರವಾಸಿಗರಿಗಾಗಿ ಮಾಡಿಕೊಂಡ ಅನುಕೂಲಗಳಲ್ಲೇ ಇದೆ. ಅಕ್ಟೋಬರ್‌ನಲ್ಲಿ ಜನ ನೋಡಲು ಬರುವ ಹಳದಿ ಬಹುಮಟ್ಟಿಗೆ ಮುದಿ ಮರಗಳದು.

ತಿದ್ದುಪಡಿಯ ಯತ್ನಗಳು ನಡೆದಿವೆ. ನದಿಯ ನೈಸರ್ಗಿಕ ಹರಿವನ್ನು ಕಾಯುವ ನೀರಿನ ಹಕ್ಕನ್ನು 1996ರ ಒಪ್ಪಂದವು ಉದ್ಯಾನಕ್ಕೆ ಒದಗಿಸಿತು. 2000ದಲ್ಲಿ ಆರಂಭವಾದ ಬಸ್ಸುಗಳು ಖಾಸಗಿ ಕಾರುಗಳನ್ನು ವರ್ಷದ ಬಹುಪಾಲು ಕಾಲ ಕಣಿವೆಯಿಂದ ಹೊರಗಿಟ್ಟವು. 2009ರಲ್ಲಿ ವರ್ಜಿನ್ ನದಿಗೆ ಅಣೆಕಟ್ಟು ಕಟ್ಟದಂತೆ ಕಾಪಾಡುವ 'ವನ್ಯ ಮತ್ತು ರಮಣೀಯ ನದಿ' ಎಂಬ ಕಾನೂನು ಮಾನ್ಯತೆ ದೊರೆಯಿತು. ರಸ್ತೆಯೂ ವಸತಿಗೃಹವೂ ಅದೇ ಬಯಲಿನಲ್ಲಿರುವುದರಿಂದ ದಡದ ಕಲ್ಲುಬಲೆಗಳು ಅಲ್ಲಲ್ಲಿ ಹಾಗೆಯೇ ಉಳಿದಿವೆ.