ಸೂಪರ್‌ಮ್ಯಾನ್‌ನ ಜನಕರಿಗೇ ವಿಮೆಯಿರಲಿಲ್ಲ!

ಬೀರುವಿನ ಮೇಲಿನ ಅರೆಯಲ್ಲಿ ವಿಮೆಯ ಪಾಲಿಸಿ, ಕೆಳಗಿನ ಅರೆಯಲ್ಲಿ ಮಕ್ಕಳ ಕಾಮಿಕ್ಸ್. ಅನೇಕ ಮಧ್ಯಮ ವರ್ಗದ ಮನೆಗಳಲ್ಲಿ ಕಾಣುವ ದೃಶ್ಯವಿದು. ಕಂತು ತಪ್ಪಿದರೆ ಗತಿಯೇನು, ಆಸ್ಪತ್ರೆಯ ಬಿಲ್ಲು ಮಂಜೂರಾದೀತೇ ಎಂದು ದೊಡ್ಡವರ ನಿದ್ದೆಗೆಡಿಸುವ ಕಾಗದ ಮೇಲಿನದು. ಮಹಡಿಯಿಂದ ಬೀಳುವವರನ್ನು ಗಾಳಿಯಲ್ಲೇ ಹಿಡಿದು ಉಳಿಸುವ ಮಹಾಶೂರನ ಕಥೆ ಕೆಳಗಿನದು. ಒಂದಕ್ಕೊಂದು ಸಂಬಂಧವಿಲ್ಲವೆಂದು ತೋರುವ ಇವೆರಡೂ ಅಮೆರಿಕದ ಕಾಮಿಕ್ಸ್ ಚರಿತ್ರೆಯಲ್ಲಿ ಒಂದೆಡೆ ಸೇರುತ್ತವೆ.

ಕ್ಲೀವ್‌ಲ್ಯಾಂಡ್ ನಗರದ ಇಬ್ಬರು ಗೆಳೆಯರು ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್. ಇಬ್ಬರೂ 1914ರಲ್ಲಿ ಹುಟ್ಟಿದವರು, ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಸೀಗಲ್‌ನ ತಂದೆ ಬಟ್ಟೆ ಅಂಗಡಿಯ ವ್ಯಾಪಾರಿ. 1932ರಲ್ಲಿ ಅಂಗಡಿಗೆ ಕಳ್ಳರು ನುಗ್ಗಿದಾಗ ಕುಸಿದುಬಿದ್ದು ಅವರು ತೀರಿಕೊಂಡರು. ಕೆಲವೇ ವರ್ಷಗಳಲ್ಲಿ, ಗುಂಡು ತಾಗಿದರೂ ಸಾಯದ ವೀರನೊಬ್ಬನನ್ನು ಮಗ ಕಲ್ಪಿಸಿಕೊಂಡ. ಸೀಗಲ್ ಕಥೆ ಬರೆದ, ಶುಸ್ಟರ್ ಚಿತ್ರ ಬಿಡಿಸಿದ. ಹಲವು ವರ್ಷ ಪ್ರಕಾಶಕರು ಯಾರೂ ಒಪ್ಪಲಿಲ್ಲ.

ಕೊನೆಗೆ 1938ರಲ್ಲಿ 'ಆಕ್ಷನ್ ಕಾಮಿಕ್ಸ್'ನ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಬೆಳಕು ಕಂಡ. ಪುಟಕ್ಕೆ 10 ಡಾಲರಿನಂತೆ 13 ಪುಟಗಳಿಗೆ ಕೈಸೇರಿದ್ದು 130 ಡಾಲರ್. ಅದರ ಜತೆಗೆ ಪಾತ್ರದ ಸಮಸ್ತ ಹಕ್ಕೂ ಪ್ರಕಾಶಕರ ಪಾಲಾಯಿತು. ರೇಡಿಯೋ, ಚಲನಚಿತ್ರ, ಆಟಿಕೆ ಎಂದು ಸೂಪರ್‌ಮ್ಯಾನ್ ಹಣದ ಹೊಳೆಯನ್ನೇ ಹರಿಸಿದ. 1947ರಲ್ಲಿ ಇಬ್ಬರೂ ನ್ಯಾಯಾಲಯದ ಮೆಟ್ಟಿಲೇರಿದರು. ಮರುವರ್ಷದ ರಾಜಿಯಲ್ಲಿ ಒಂದಿಷ್ಟು ಹಣ ಸಿಕ್ಕಿತಾದರೂ ಕೆಲಸ ಹೋಯಿತು. ಕಾಮಿಕ್ಸ್ ಪುಟಗಳಿಂದ ಅವರ ಹೆಸರೂ ಮಾಯವಾಯಿತು.

ಇಲ್ಲಿ ಅಮೆರಿಕದ ವಿಮಾ ಪದ್ಧತಿಯ ಬಗ್ಗೆ ಒಂದು ಮಾತು ಹೇಳಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಲ್ಲಿನ ಸರ್ಕಾರ ವೇತನ ಏರಿಕೆಗೆ ಕಡಿವಾಣ ಹಾಕಿತು. ಸಂಬಳ ಹೆಚ್ಚಿಸಲಾಗದ ಕಂಪೆನಿಗಳು ಕೆಲಸಗಾರರನ್ನು ಸೆಳೆಯಲು ಆರೋಗ್ಯ ವಿಮೆ ನೀಡತೊಡಗಿದವು. ವಿಮೆ ನೌಕರಿಗೆ ಅಂಟಿಕೊಂಡದ್ದು ಬಹುಪಾಲು ಹೀಗೆ. ನೌಕರಿಯಿದ್ದವನಿಗೆ ವಿಮೆ, ಪುಟದ ಲೆಕ್ಕದಲ್ಲಿ ಕೂಲಿ ಪಡೆಯುವ ಕಾಮಿಕ್ಸ್ ಕಲಾವಿದನಿಗೆ ವಿಮೆಯೂ ಇಲ್ಲ, ಪಿಂಚಣಿಯೂ ಇಲ್ಲ. 1965ರಲ್ಲಿ ಸರ್ಕಾರ ವೃದ್ಧರಿಗಾಗಿ 'ಮೆಡಿಕೇರ್' ಯೋಜನೆ ತಂದಿತಾದರೂ ಅದಕ್ಕೆ 65 ವರ್ಷ ತುಂಬಬೇಕಿತ್ತು.

1975ರ ಹೊತ್ತಿಗೆ ಗೆಳೆಯರಿಬ್ಬರಿಗೂ 61 ವರ್ಷ. ಸೀಗಲ್ ಕ್ಯಾಲಿಫೋರ್ನಿಯಾದಲ್ಲಿ ಬೆರಳಚ್ಚು ಗುಮಾಸ್ತ. ಕಣ್ಣು ಬಹುತೇಕ ಕಳೆದುಕೊಂಡಿದ್ದ ಶುಸ್ಟರ್ ನ್ಯೂಯಾರ್ಕಿನಲ್ಲಿ ತಮ್ಮನ ಆಶ್ರಯದಲ್ಲಿದ್ದ. ಅದೇ ವೇಳೆಗೆ ಸೂಪರ್‌ಮ್ಯಾನ್ ಕುರಿತ ಭಾರಿ ಚಿತ್ರದ ಸುದ್ದಿ ಬಂತು. ನೊಂದ ಸೀಗಲ್ ತಮ್ಮ ಕಥೆಯನ್ನು ಬರೆದು ಪತ್ರಿಕೆಗಳಿಗೆ ಕಳುಹಿಸಿದ. ಕಲಾವಿದರಾದ ನೀಲ್ ಆಡಮ್ಸ್ ಮತ್ತು ಜೆರ್ರಿ ರಾಬಿನ್ಸನ್ ಇವರ ಪರವಾಗಿ ನಿಂತರು. ಜನಾಭಿಪ್ರಾಯಕ್ಕೆ ಮಣಿದ ಕಂಪೆನಿ ಡಿಸೆಂಬರಿನಲ್ಲಿ ಒಪ್ಪಂದಕ್ಕೆ ಬಂತು. ಪ್ರತಿಯೊಬ್ಬರಿಗೂ ವರ್ಷಕ್ಕೆ 20,000 ಡಾಲರ್, ವೈದ್ಯಕೀಯ ವೆಚ್ಚದ ರಕ್ಷಣೆ, ಜತೆಗೆ ಕಥೆಯ ಮೇಲೆ ಅವರ ಹೆಸರು. ಲೋಕವನ್ನೇ ಕಾಯುವ ವೀರನನ್ನು ಕೊಟ್ಟವರು 37 ವರ್ಷಗಳ ನಂತರ ಕೇಳಿ ಪಡೆದದ್ದು ಇಷ್ಟು. ಶುಸ್ಟರ್ 1992ರಲ್ಲಿ, ಸೀಗಲ್ 1996ರಲ್ಲಿ ತೀರಿಕೊಂಡರು.

ವಿಮೆಯಿದ್ದರೆ ಎಲ್ಲವೂ ಸುಗಮವೆಂದೂ ಹೇಳುವಂತಿಲ್ಲ. 1976ರಲ್ಲಿ 'ರಾಕೆಟ್ ರಕೂನ್' ಎಂಬ ಪಾತ್ರವನ್ನು ಚಿತ್ರಕಾರ ಕೀತ್ ಗಿಫನ್ ಜತೆ ಸೃಷ್ಟಿಸಿದವನು ಲೇಖಕ ಬಿಲ್ ಮ್ಯಾಂಟ್ಲೊ. ಮುಂದೆ ಕಾನೂನು ಓದಿ ಬಡವರ ಪರ ವಾದಿಸುವ ವಕೀಲನೂ ಆದ. 1992ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಕಾರೊಂದು ಅವನಿಗೆ ಡಿಕ್ಕಿ ಹೊಡೆದು ಪರಾರಿಯಾಯಿತು. ಮೆದುಳಿಗೆ ತೀವ್ರ ಪೆಟ್ಟಾಯಿತು. ದೀರ್ಘ ಚಿಕಿತ್ಸೆಯ ನಡುವೆಯೇ ವಿಮೆಯವರು ಹಣ ಕೊಡುವುದನ್ನು ನಿಲ್ಲಿಸಿದ್ದರಿಂದ, ಅವನ ಬದುಕಿನ ಹಲವು ದಶಕಗಳು ಶುಶ್ರೂಷಾಲಯದ ಕೊಠಡಿಯಲ್ಲೇ ಸವೆದವು. 2014ರಲ್ಲಿ ರಾಕೆಟ್ ರಕೂನ್ ಬೆಳ್ಳಿತೆರೆಗೆ ಬಂದು ಜಗತ್ಪ್ರಸಿದ್ಧವಾದಾಗ, ಅದನ್ನು ತಯಾರಿಸಿದವರು ಅವನಿಗಾಗಿಯೇ ವಿಶೇಷ ಪ್ರದರ್ಶನ ಏರ್ಪಡಿಸಿದರು.

ಇಂತಹವರ ನೆರವಿಗೆಂದೇ ಅಮೆರಿಕದಲ್ಲಿ 2000ದಲ್ಲಿ 'ಹೀರೋ ಇನಿಷಿಯೇಟಿವ್' ಎಂಬ ಸಂಸ್ಥೆ ಹುಟ್ಟಿತು. ಕಾಯಿಲೆ, ಬಾಡಿಗೆ, ಔಷಧಿಗೆ ಹಣವಿಲ್ಲದ ಹಿರಿಯ ಕಾಮಿಕ್ಸ್ ಕಲಾವಿದರಿಗೆ ಅದು ಸಹಾಯ ಮಾಡುತ್ತದೆ.

ನಮ್ಮಲ್ಲೂ ತುಂಡುಗುತ್ತಿಗೆಯಲ್ಲಿ ದುಡಿಯುವವರಿಗೆ ಈ ಕಥೆ ಹೊಸದೆನಿಸದು. ಮಗು ಕಾಮಿಕ್ಸ್ ಹಿಡಿದು ಕೂತಾಗ, ಕಥೆಯ ಮೊದಲ ಪುಟದಲ್ಲಿ ಅಚ್ಚಾಗಿರುವ ಹೆಸರುಗಳನ್ನೂ ಒಮ್ಮೆ ಓದಿಸಬಹುದು. ಅವು ಅಲ್ಲಿಗೆ ಬರಲು ಎಷ್ಟು ಹೋರಾಟ ನಡೆಯಿತೆಂಬುದು ಮಕ್ಕಳಿಗೂ ತಿಳಿದಿರಲಿ.