ಗೋವೆಯಲ್ಲಿ ನಿಷಿದ್ಧವಾದುದು, ನಮ್ಮಲ್ಲಿ ಉಳಿದುದು

1986ರ ಫೆಬ್ರವರಿ 6ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಮಂಗಳೂರಿಗೆ ಬಿಜಯಂಗೈದಾಗ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಂದ ಬಜಪೆಯ ಬಲಿಪೂಜೆಗೆ ಹೋದವರು ನಮ್ಮ ನಡುವೆ ಇಂದಿಗೂ ಇದ್ದಾರೆ. ಆಗ ನಾವು ಸೆಮಿನರಿಯಲ್ಲಿದ್ದೆವು. ನಾಜಿಗಳು ಪೋಲೆಂಡಿನ ವಿಶ್ವವಿದ್ಯಾನಿಲಯಗಳನ್ನು ಮುಚ್ಚಿಸಿದ್ದ ಕಾಲದಲ್ಲಿ, ಅವರು ತಾರುಣ್ಯದಲ್ಲಿ ಕ್ರಾಕೋವ್ ನಗರದಲ್ಲಿ ಗುಟ್ಟಾಗಿ ಪೋಲಿಷ್ ನಾಟಕಗಳನ್ನಾಡಿದ್ದರು, 1942ರಿಂದ ಗುಪ್ತ ಸೆಮಿನರಿಯಲ್ಲಿ ಓದಿದ್ದರು ಎಂದು ಗುರುಗಳು ಹೇಳಿದಾಗ ಪರದೇಶದ ಕಥೆಯೆಂದೇ ಕೇಳಿದೆವು. ನಮ್ಮ ಪೂರ್ವಜರ ಕಥೆಯೂ ಅದರಿಂದ ಬಹುದೂರದ್ದಲ್ಲವೆಂದು ತಿಳಿದದ್ದು ತಡವಾಗಿ.

ನಮ್ಮ ಹಿರಿಯರು ಗೋವೆಯಿಂದ ಬಂದವರೆಂಬುದು ಮಕ್ಕಳಿಗೂ ಗೊತ್ತು. ಕ್ಷಾಮ, ಕಂದಾಯದ ಭಾರ, 1683ರ ಮರಾಠಾ ದಾಳಿ ಮುಂತಾದವುಗಳಿಂದ ಬೇಸತ್ತು ಕೆನರಾಕ್ಕೆ ಬಂದು, ಕೆಳದಿಯ ಅರಸರ ಆಶ್ರಯದಲ್ಲಿ ಬೇಸಾಯಕ್ಕೆ ನಿಂತರು. ಆದರೆ ಗೋವೆಯಲ್ಲಿ ನಡೆದ ಇನ್ನೊಂದು ಸಂಗತಿಯನ್ನು ನಾವು ಇಂತಹ ಸಂಚಿಕೆಗಳಲ್ಲಿ ಮೆಲ್ಲನೆ ದಾಟಿಬಿಡುತ್ತೇವೆ. 1684ರಲ್ಲಿ ಪೋರ್ತುಗೀಜ್ ವೈಸರಾಯನು, ಜನರು ಮೂರು ವರ್ಷಗಳೊಳಗೆ ಕೊಂಕಣಿಯನ್ನು ತ್ಯಜಿಸಿ ಪೋರ್ತುಗೀಜ್ ಭಾಷೆಯನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿದನು. 1736ರಲ್ಲಿ ಇನ್ಕ್ವಿಸಿಷನ್ ನ್ಯಾಯಸ್ಥಾನವು ಮದುವೆಯ ಹಾಡುಗಳನ್ನೂ, ವಧೂವರರಿಗೆ ಅರಸಿನ ಎಣ್ಣೆಗಳ ಲೇಪನವನ್ನೂ, ಅತಿಥಿಗಳಿಗೆ ವೀಳ್ಯ ಹೂಗಳನ್ನು ಕೊಡುವುದನ್ನೂ ನಿಷೇಧಿಸಿತು. 1745ರಲ್ಲಿ ಗೋವೆಯ ಮಹಾಧರ್ಮಾಧ್ಯಕ್ಷರು, ಪೋರ್ತುಗೀಜ್ ಬಾರದವರಿಗೆ ವಿವಾಹ ಸಂಸ್ಕಾರವಿಲ್ಲವೆಂದರು. 1812ರಲ್ಲಿ ಶಾಲಾಮಕ್ಕಳು ಕೊಂಕಣಿ ಆಡಬಾರದೆಂಬ ಕಟ್ಟಳೆಯಾಯಿತು. 1847ರಲ್ಲಿ ಅದು ಸೆಮಿನರಿಗಳಿಗೂ ವ್ಯಾಪಿಸಿತು. ಯಾಜಕನಾಗುವವನು ತಾಯಿಯ ಮಾತನ್ನು ಸೆಮಿನರಿಯ ಬಾಗಿಲಲ್ಲೇ ಬಿಟ್ಟು ಒಳಹೋಗಬೇಕಿತ್ತು!

ಪೋಲೆಂಡನ್ನು ತುಳಿದ ನಾಜಿಗಳು ಧರ್ಮಸಭೆಯ ವೈರಿಗಳು. ಗೋವೆಯಲ್ಲಿ ಹೀಗೆ ಮಾಡಿದವರಾದರೋ ನಮ್ಮದೇ ವಿಶ್ವಾಸದವರು, ಕೆಲವರು ನಮ್ಮಂತೆಯೇ ಯಾಜಕದೀಕ್ಷೆ ಪಡೆದವರು. ಅದೇ ಗೋವೆಯ ರಾಚೋಲ್‌ನಲ್ಲಿ 1622ರಲ್ಲಿ ಯೇಸುಸಭೆಯ ಫಾದರ್ ಥಾಮಸ್ ಸ್ಟೀಫನ್ಸರ ಕೊಂಕಣಿ ಧರ್ಮೋಪದೇಶ ಅಚ್ಚಾಗಿತ್ತೆಂಬುದನ್ನು ನೆನೆದರೆ ವ್ಯಥೆ ಇಮ್ಮಡಿಸುತ್ತದೆ. ಇದನ್ನು ಬರೆಯಲು ನಮಗೆ ಸಂಕೋಚವಿದೆ. ಬಿಟ್ಟರೆ ಮಾತ್ರ ಅದು ಇತಿಹಾಸವೆನಿಸದು.

ಆಜ್ಞೆಗಳು ಕೊಂಕಣಿಯನ್ನು ಕೊಲ್ಲಲಿಲ್ಲ. ಘಟ್ಟದ ತಪ್ಪಲಿನ ಈ ಸೀಮೆಯಲ್ಲಿ, ತುಳು ಮಾತಾಡುವ ನೆರೆಹೊರೆಯವರ ನಡುವೆ, ಮದುವೆಯ ಮುನ್ನಾದಿನ ರೋಸ್ ಇಂದಿಗೂ ನಡೆಯುತ್ತದೆ. ತೆಂಗಿನ ಹಾಲನ್ನು ತಲೆಗೆರೆದು, ಎಣ್ಣೆ ಹಚ್ಚಿ, ಹಿರಿಯ ಹೆಂಗಸರು ವೊವಿಯೊ ಹಾಡುತ್ತಾರೆ. ಗೋವೆಯಲ್ಲಿ ಅಪರಾಧವೆನಿಸಿದ್ದು ಇಲ್ಲಿ ಚಪ್ಪರದಡಿಯ ಸಂಭ್ರಮ. 1882ರಲ್ಲಿ ಇಟಲಿಯ ಫಾದರ್ ಮಾಫೇಯಿ ಅವರು ಮಂಗಳೂರಿನಲ್ಲಿ ಕೊಂಕಣಿ ವ್ಯಾಕರಣವನ್ನು ಪ್ರಕಟಿಸಿದರು, ಮರುವರ್ಷ ನಿಘಂಟನ್ನು ಹೊರತಂದರು. ಗೋವೆಯ ನಿಷೇಧಗಳನ್ನು ಬಲ್ಲವರಿಗೆ ಇದು ಸಣ್ಣ ಸಂಗತಿಯಲ್ಲ.

ಹಾಗೆಂದು ನಾವು ಹೆಚ್ಚು ಬೀಗುವಂತಿಲ್ಲ. ಬಾಲ್ಯದಲ್ಲಿ ನಾವು ಓದಿದ ಒಂದು ಶಾಲೆಯಲ್ಲಿ, ಆಟದ ಬಯಲಿನಲ್ಲಿ ಕೊಂಕಣಿಯಾಗಲಿ ತುಳುವಾಗಲಿ ಕನ್ನಡವಾಗಲಿ ಬಾಯಿಗೆ ಬಂದರೆ ನಾಲ್ಕಾಣೆ ದಂಡ. ಇಂಗ್ಲಿಷೇ ಆಗಬೇಕು. ಆಗ ಪೋರ್ತುಗೀಜರೂ ಇರಲಿಲ್ಲ, ಬ್ರಿಟಿಷರೂ ಇರಲಿಲ್ಲ. ಆ ಶಾಲೆಯನ್ನು ನಡೆಸುತ್ತಿದ್ದವರು ಮನೆಯಲ್ಲಿ ಕೊಂಕಣಿಯನ್ನೇ ಆಡುವ ನಮ್ಮವರು. ದಂಡದ ಪುಸ್ತಕದಲ್ಲಿ ನಮ್ಮ ಹೆಸರು ಎಷ್ಟು ಬಾರಿ ಬಂದಿತೋ ಲೆಕ್ಕವಿಲ್ಲ.