ಶಿಶುಗಳ ನಡುಕದ ಕಾಯಿಲೆ

ಇನ್‌ಫಂಟೈಲ್ ಟ್ರೆಮರ್ ಸಿಂಡ್ರೋಮ್, ವೈದ್ಯರ ಬಾಯಲ್ಲಿ ಐ.ಟಿ.ಎಸ್., ಮುಖ್ಯವಾಗಿ ಭಾರತದಿಂದ ವರದಿಯಾದ ಮಿದುಳಿನ ತೊಂದರೆ. ಆರು ತಿಂಗಳು ದಾಟಿದ ಮೇಲೂ ಬರೀ ಎದೆಹಾಲಿನಲ್ಲೇ ಬೆಳೆದ ಕೂಸುಗಳಲ್ಲಿ ಇದು ಹೆಚ್ಚು. ನಗುತ್ತಿದ್ದ ಮಗು ಮಂಕಾಗುತ್ತದೆ, ಕಲಿತ ಆಟಪಾಟಗಳನ್ನು ಮರೆಯುತ್ತದೆ. ಮೈ ಬಿಳಿಚಿಕೊಂಡರೂ ಬೆರಳ ಗೆಣ್ಣುಗಳು ಕಪ್ಪಾಗುತ್ತವೆ. ಕೂದಲು ತೆಳುವಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕೊನೆಗೆ ತಲೆ, ಕೈ, ನಾಲಗೆ ನಡುಗುತ್ತವೆ. ಅಳು ಮೇಕೆಯ ಕೂಗಿನಂತಿರುತ್ತದೆ. ನಿದ್ದೆ ಹತ್ತಿತೋ, ನಡುಕ ಮಾಯ.

ರೋಗದ ಗುಟ್ಟಿಗೆ ಒಂದು ದೊಡ್ಡ ಸುಳಿವು ಸಿಕ್ಕಿದ್ದು ತಮಿಳುನಾಡಿನ ವೆಲ್ಲೂರಿನಲ್ಲಿ. 1962ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಜಾಧವ್, ವೆಬ್, ವೈಷ್ಣವ ಮತ್ತು ಸೆಲ್ವಿನ್ ಬೇಕರ್ ಆರು ಶಿಶುಗಳ ವಿವರವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಎಲ್ಲವೂ ಎದೆಹಾಲು ಕುಡಿಯುತ್ತಿದ್ದ ಕೂಸುಗಳು. ಕೊರತೆ ಮಗುವಿನಿಂದ ಶುರುವಾದದ್ದಲ್ಲ, ತಾಯಿಯಿಂದ ಬಂದದ್ದು: ಅವಳ ಮೈಯಲ್ಲೇ ಬಿ12 ಜೀವಸತ್ವ ಕಡಿಮೆ, ಹಾಗಾಗಿ ಹಾಲಿನಲ್ಲೂ ಕಡಿಮೆ. ಬಿ12 ಕೊಟ್ಟಾಗ ಮಕ್ಕಳು ಚೇತರಿಸಿಕೊಂಡವು. ಆ ಜೀವಸತ್ವವನ್ನು ಬೇರ್ಪಡಿಸಿ ಆಗ 14 ವರ್ಷವಷ್ಟೇ ಆಗಿತ್ತು. 1948ರವರೆಗೆ ಶುದ್ಧ ಬಿ12 ಕೈಗೆ ಸಿಗುತ್ತಲೇ ಇರಲಿಲ್ಲ.

ಆದರೆ ನಡುಗುವ ಪ್ರತಿ ಮಗುವಿನ ರಕ್ತದಲ್ಲೂ ಬಿ12 ಕೊರತೆ ಕಾಣುವುದಿಲ್ಲ. ಹಾಗಾಗಿ ಸತು, ಮೆಗ್ನೀಷಿಯಂಗಳ ಕೊರತೆ ಮತ್ತು ಸೋಂಕುಗಳ ಮೇಲೂ ಅನುಮಾನ ಹೋಯಿತು, ಚರ್ಚೆ ಮುಗಿದಿಲ್ಲ. ಹಾಗಿದ್ದರೂ ಬಿ12 ಕೊರತೆಯನ್ನೇ ಮುಖ್ಯ ಆರೋಪಿ ಎನ್ನುವುದು ನ್ಯಾಯ.

ಚಿಕಿತ್ಸೆ ಸರಳ: ಬಿ12 ಚುಚ್ಚುಮದ್ದು, ಕಬ್ಬಿಣ, ಸತು, ಮೆತ್ತನೆಯ ಆಹಾರ, ನಡುಕ ತೀರಾ ಹೆಚ್ಚಿದ್ದರೆ ಪ್ರೊಪ್ರನೊಲಾಲ್ ಔಷಧ. ಮಗು ಕೆಲವೇ ದಿನಗಳಲ್ಲಿ ಸುತ್ತಲಿನವರತ್ತ ನೋಡತೊಡಗುತ್ತದೆ, ನಡುಕ ಕೆಲವು ವಾರಗಳಲ್ಲಿ ಇಳಿಯುತ್ತದೆ. ಸ್ಕ್ಯಾನ್‌ನಲ್ಲಿ ಕುಗ್ಗಿದಂತೆ ಕಂಡ ಮಿದುಳು ಮತ್ತೆ ತುಂಬಿಕೊಂಡದ್ದೂ ದಾಖಲಾಗಿದೆ. ಒಂದು ವಿಚಿತ್ರವೂ ಇದೆ: ಚುಚ್ಚುಮದ್ದಿನ ನಂತರವೇ ನಡುಕ ಶುರುವಾಗುವುದುಂಟು. ಮೊದಲೇ ಹೇಳಿಡದಿದ್ದರೆ ತಾಯ್ತಂದೆ ಔಷಧವನ್ನೇ ದೂರುತ್ತಾರೆ. ತಡವಾಗಿ ಬಂದ ಕೆಲವು ಮಕ್ಕಳ ಮಾತು, ಕಲಿಕೆ ಹಿಂದೆಯೇ ಉಳಿಯುತ್ತದೆ.

ತಡೆಯುವ ಮಾತಿಗೆ ಬಂದರೆ, ಗರ್ಭಿಣಿಯರಿಗೆ ಸರ್ಕಾರ ಹಂಚುವ ಮಾತ್ರೆಯಲ್ಲಿರುವುದು ಕಬ್ಬಿಣ ಮತ್ತು ಫೋಲಿಕ್ ಆಮ್ಲ; ಬಿ12 ಇಲ್ಲ. ಫೋಲಿಕ್ ಆಮ್ಲ ರಕ್ತಹೀನತೆಯನ್ನು ಸರಿಪಡಿಸಿದಂತೆ ತೋರಿಸಿ ನರದ ಹಾನಿಯನ್ನು ಮರೆಮಾಚಬಲ್ಲದು. ತಮಿಳುನಾಡಿನ ಕಂಬಂ ಕಣಿವೆಯಾಗಲಿ ಕಲಬುರಗಿಯಾಗಲಿ, ಬಿ12 ಒದಗಿಸುವ ಹಾಲು, ಮೊಟ್ಟೆ, ಮಾಂಸ ಕಾಣದ ಬಾಣಂತಿ ಇದ್ದರೆ ಅವಳ ಬಿ12 ಮಟ್ಟವನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಆರು ತಿಂಗಳಿಗೆ ಸರಿಯಾಗಿ ಮಗುವಿಗೆ ಮೇಲಾಹಾರ ಶುರುಮಾಡಿಸಿ.